ಬಣ್ಣ ಬಾರದ ಬಣ್ಣದ ಕೊಕ್ಕರೆ

ಹಕ್ಕಿ ನೋಡುವ ಹವ್ಯಾಸದವರು ಚೀಲ ಕಟ್ಟುವುದು ಸಾಮಾನ್ಯವಾಗಿ ಚಳಿಗಾಲದಲ್ಲಿ. ವಲಸೆ ಬಂದ ಬಾತುಗಳು ಕೆರೆ ತುಂಬಿರುತ್ತವೆ, ಬಿಸಿಲೂ ಹಿತವಾಗಿರುತ್ತದೆ. ಮೇ ತಿಂಗಳ ನಡುವೆ, ಕೃತ್ತಿಕೆ ಮಳೆ ಇನ್ನೇನು ಸುರಿಯಬೇಕು ಎನ್ನುವಾಗ, ಮೂರು ದಿನ ಕೆಸರು ತುಳಿಯಲು ಹೊರಟ ನನ್ನನ್ನು ಅಕ್ಕ ಅನುಮಾನದಿಂದಲೇ ನೋಡಿದಳು. ಆದರೂ ರಜೆಯಲ್ಲಿ ಮನೆಯೊಳಗೇ ಕುಳಿತು ಬೇಸತ್ತಿದ್ದ ಹನ್ನೊಂದು ವರ್ಷದ ಮಗಳನ್ನು, ಟೋಪಿ ತೆಗೆಯಕೂಡದು, ನೀರು ಕುಡಿಯುವುದನ್ನು ಮರೆಯಕೂಡದು ಎಂಬ ಷರತ್ತುಗಳೊಡನೆ ನನ್ನ ಜೊತೆ ಕಳುಹಿಸಿದಳು. ನನಗೆ ಬೇಕಾಗಿದ್ದದ್ದು ಮರಿಗಳು. ಹಳೆಯ ಮೈಸೂರು ಸೀಮೆಯಲ್ಲಿ ಮರದ ಮೇಲೆ ಗೂಡು ಕಟ್ಟುವ ದೊಡ್ಡ ನೀರುಹಕ್ಕಿಗಳ ಮರಿಗಳು ಹಾರಲು ಕಲಿಯುವುದೂ, ನೀರು ಇಳಿದು ಬಯಲಾದ ಕೆರೆಯಂಗಳದಲ್ಲಿ ಮೊಟ್ಟೆಯಿಡುವ ಹಕ್ಕಿಗಳ ಮರಿಗಳು ನೆಲದಲ್ಲಿ ಓಡಾಡುವುದೂ ಮುಂಗಾರಿಗೆ ಮುಂಚಿನ ಈ ಕೆಲವು ವಾರಗಳಲ್ಲಿಯೇ.

ಮೊದಲ ದಿನ: ಕೊಕ್ಕರೆಬೆಳ್ಳೂರು

ಬೆಳಗಿನ ರೈಲಿನಲ್ಲಿ ಮದ್ದೂರಿಗೆ ಬಂದಿಳಿದು, ವಡೆ ತಿಂದು, ಆಟೊ ಹಿಡಿದು ಹೊರಟೆವು. ಕೊಕ್ಕರೆಬೆಳ್ಳೂರು ಕಣ್ಣಿಗೆ ಬೀಳುವ ಮುಂಚೆ ಮೂಗಿಗೆ ತಿಳಿಯುತ್ತದೆ. ಮೀನಿನ ವಾಸನೆಯೂ ಹಿಕ್ಕೆಯ ಖಾರವೂ ಬೆರೆತ ಒಂದು ಗಾಳಿ ಊರಿನ ಮೇಲೆ ನಿಂತಿರುತ್ತದೆ. ಅದು ಎರಡು ನಿಮಿಷ ಅಸಹನೀಯ, ಆಮೇಲೆ ಮರೆತೇ ಹೋಗುತ್ತದೆ. ಇಲ್ಲಿ ಹಕ್ಕಿಗಳು ಕಾಡಿನಲ್ಲಿಲ್ಲ, ಕೆರೆಯ ನಡುಗಡ್ಡೆಯಲ್ಲೂ ಇಲ್ಲ. ಹೆಂಚಿನ ಮನೆಗಳ ಹಿತ್ತಿಲಲ್ಲಿ, ದನದ ಕೊಟ್ಟಿಗೆಯ ಪಕ್ಕದಲ್ಲಿ, ಬೀದಿಯ ತಿರುವಿನಲ್ಲಿ ನಿಂತ ಹುಣಸೆ, ಅತ್ತಿ, ಅರಳಿ ಮರಗಳ ನೆತ್ತಿಯಲ್ಲಿವೆ. ಹಿಂದೆ ಊರು ಶಿಂಷಾ ಹೊಳೆಯ ದಡದಲ್ಲಿತ್ತೆಂದೂ, ಪ್ಲೇಗಿನ ಕಾಲದಲ್ಲಿ ಜನ ಅದನ್ನು ಬಿಟ್ಟು ಇಲ್ಲಿಗೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದುವೆಂದೂ ಊರಿನವರು ಹೇಳುತ್ತಾರೆ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಗೂಡುಗಳಿರುವ ಹುಣಸೆಯ ಫಲ ಬಿಟ್ಟುಕೊಡುವ ಮನೆಗಳಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡೂ ಇದೆ. ಅದಕ್ಕಿಂತ ಹಳೆಯದು, ಮರದ ಬುಡದಲ್ಲಿ ಗುಂಡಿ ತೋಡಿ, ಬಿದ್ದ ಹಿಕ್ಕೆಯನ್ನು ಕೆರೆಗೋಡಿನೊಡನೆ ಬೆರೆಸಿ ಹೊಲಕ್ಕೆ ಗೊಬ್ಬರವಾಗಿ ಹಾಕುವ ರೂಢಿ.

ನಾವು ಹೋಗುವ ಹೊತ್ತಿಗೆ ಹೆಜ್ಜಾರ್ಲೆಗಳಲ್ಲಿ (ಪೆಲಿಕನ್) ಹೆಚ್ಚಿನವು ಸಂಸಾರ ಮುಗಿಸಿ ಹೊರಟುಹೋಗಿದ್ದವು. ತಡವಾಗಿ ಗೂಡು ಕಟ್ಟಿದ ಕೆಲವು ಜೋಡಿಗಳು ಮಾತ್ರ ಒಂದು ಹುಣಸೆಯ ಮೇಲೆ ಉಳಿದಿದ್ದವು. ದೂರದರ್ಶಕದಲ್ಲಿ ನೋಡಿದಾಗ ಒಂದು ಮರಿ ತಾಯಿಯ ಕೊಕ್ಕಿನ ಕೆಳಗಿನ ಚೀಲದೊಳಗೆ ಕತ್ತಿನವರೆಗೂ ನುಗ್ಗಿತ್ತು. ನುಂಗುತ್ತಿರುವವರು ಯಾರು, ನುಂಗಿಸಿಕೊಳ್ಳುತ್ತಿರುವವರು ಯಾರು ಎಂದು ಗೊತ್ತಾಗದಂಥ ದೃಶ್ಯ ಅದು. ಮರಿಯ ತಲೆ ಒಳಗೆ ಸರಿದಾಡಿದಂತೆ ಚೀಲದ ತೆಳು ಚರ್ಮ ಅಲ್ಲಲ್ಲಿ ಉಬ್ಬುತ್ತಿತ್ತು. ಕೊನೆಗೆ ಹೊರಬಂದ ಮರಿ, ಇನ್ನೂ ಬೇಕೆಂಬಂತೆ ರೆಕ್ಕೆ ಬಡಿದು ಗೂಡಿನ ಅಂಚಿನಲ್ಲಿ ಎಡವಿತು.

ಈ ಹಕ್ಕಿಗೆ ಪುಸ್ತಕದ ಹೆಸರು ಚುಕ್ಕೆಕೊಕ್ಕಿನ ಹೆಜ್ಜಾರ್ಲೆ. ಮಗು ಬಹಳ ಹೊತ್ತು ದೂರದರ್ಶಕ ಹಿಡಿದು ನೋಡಿ, "ಮಾಮ, ಮರಿಗೆ ಚುಕ್ಕೆನೇ ಇಲ್ವಲ್ಲ?" ಎಂದಳು. ಸರಿಯಾದ ಮಾತು. ಮೇಲುಕೊಕ್ಕಿನ ಅಂಚಿನಲ್ಲಿ ಸಾಲಾಗಿ ಮೂಡುವ ಆ ಚುಕ್ಕೆಗಳು ಹಕ್ಕಿಗೆ ಒಂದು ವರ್ಷ ತುಂಬಿದ ಮೇಲೆ ಕಾಣಿಸಿಕೊಳ್ಳುತ್ತವೆ. ಪೂರ್ಣ ಪ್ರಾಯದ ಗರಿಗಳು ಬರುವುದಂತೂ ಮೂರನೆಯ ವರ್ಷದಲ್ಲಿ. ಪಕ್ಕದ ಅರಳಿ ಮರದಲ್ಲಿ ಬಣ್ಣದ ಕೊಕ್ಕರೆಯ ಮರಿಗಳಿದ್ದವು. ಅವುಗಳಲ್ಲಿ ಬಣ್ಣವೂ ಇರಲಿಲ್ಲ. ದೊಡ್ಡ ಹಕ್ಕಿಗೆ ಆ ಹೆಸರು ತಂದುಕೊಟ್ಟಿರುವುದು ಬಾಲದ ಬಳಿ ಹರಡಿಕೊಂಡಿರುವ ಗುಲಾಬಿ ಗರಿಗಳು. ಮರಿಗಳೋ ಮಾಸಿದ ಪಂಚೆಯ ಬಿಳಿ, ಅದರ ಮೇಲೆ ಅಲ್ಲಲ್ಲಿ ಬೂದುಗಂದು. ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತು ಅವಳು ತನ್ನ ನೋಟುಪುಸ್ತಕದ ಹಾಳೆಗೆ ನಡುವೆ ಗೆರೆ ಎಳೆದಳು. ಎಡಕ್ಕೆ "ಅಮ್ಮ", ಬಲಕ್ಕೆ "ಮರಿ". ಮುಂದಿನ ಎರಡು ದಿನ ನಾವು ಏನನ್ನು ನೋಡಬೇಕು ಎಂಬುದು ನನಗೇ ಅರಿವಿಲ್ಲದಂತೆ ಆ ಗೆರೆಯಿಂದ ತೀರ್ಮಾನವಾಯಿತು.

ಮರಿಗೆ ಬಣ್ಣವಿಲ್ಲದಿದ್ದರೂ ಗಂಟಲಿದೆ. ಬೆಳೆದ ಬಣ್ಣದ ಕೊಕ್ಕರೆ ಹೆಚ್ಚುಕಡಿಮೆ ಮೂಕಹಕ್ಕಿ. ಗೂಡಿನಲ್ಲಿ ಕೊಕ್ಕು ಕಟಕಟಿಸುವುದೇ ಅದರ ಮಾತು. ಮರಿಗಳು ಮಾತ್ರ ಬೆಳಗಿನಿಂದ ಸಂಜೆಯವರೆಗೆ ಕರ್ಕಶವಾಗಿ ಅರಚುತ್ತಲೇ ಇರುತ್ತವೆ. ನಡುಹಗಲಿನಲ್ಲಿ ಆ ಅರಚಾಟವೂ ಇಳಿಯಿತು. ಆಗ ತಾಯಿಯೋ ತಂದೆಯೋ, ಇಬ್ಬರೂ ನೋಡಲು ಒಂದೇ, ಸೂರ್ಯನಿಗೆ ಬೆನ್ನು ಕೊಟ್ಟು ಎರಡೂ ರೆಕ್ಕೆಗಳನ್ನು ಅರೆ ಬಿಚ್ಚಿ ನಿಂತಿತು. ಆ ನೆರಳಿನಲ್ಲಿ ಮೂರು ಮರಿಗಳು ಬಾಯಿ ತೆರೆದು ಗಂಟಲು ಅದುರಿಸುತ್ತ ಕುಳಿತಿದ್ದವು. ಬಿಸಿಲು ಸರಿದಂತೆ ದೊಡ್ಡ ಹಕ್ಕಿಯೂ ಸರಿದು ನಿಲ್ಲುತ್ತಿತ್ತು. ನಾವು ಮಜ್ಜಿಗೆ ಕುಡಿದು ಬಂದು ನೋಡಿದಾಗಲೂ ಅದು ಅದೇ ಕೆಲಸದಲ್ಲಿತ್ತು.

ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ಅಜ್ಜಿಯೊಬ್ಬರು ನಮ್ಮನ್ನು ಕರೆದು ಕೂರಿಸಿದರು. "ಬಾಣಂತನಕ್ಕೆ ತವರಿಗ್ ಬಂದಿರೋ ಹೆಣ್ಮಕ್ಳು ಕಣವ್ವ ಇವು. ಮಗ ಕೈಗ್ ಬಂದ್ಮೇಲೆ ಒಂಟೋಯ್ತವೆ," ಎಂದರು ಮಗುವಿಗೆ. ಈ ಮಾತನ್ನು ಈ ಊರಿನ ಬಗ್ಗೆ ಬರೆದವರೆಲ್ಲ ಬರೆದಿದ್ದಾರೆ, ಆದ್ದರಿಂದ ನಾನು ಬರೆಯಬಾರದೆಂದಿದ್ದೆ. ಆದರೆ ಅವರು ಅದನ್ನು ಹೇಳಿದ್ದು ಯಾರಿಗೋ ಒಪ್ಪಿಸುವಂತೆ ಅಲ್ಲ, ಹಣ್ಣಿನ ನಾರು ಎಳೆಯುತ್ತ, ಪಕ್ಕದ ಮನೆಯ ವಿಷಯ ಹೇಳುವಷ್ಟು ಸಹಜವಾಗಿ. ಮುಂಗಾರಿಗೆ ಮುಂಚಿನ ಗಾಳಿ ಎದ್ದಾಗ ಗೂಡಿನಿಂದ ಮರಿಗಳು ಬೀಳುತ್ತವೆ. ಬಿದ್ದ ಮರಿಯನ್ನು ತಾಯಿಹಕ್ಕಿ ಮತ್ತೆ ಮೇಲಕ್ಕೆ ಒಯ್ಯಲಾರದು, ನೆಲಕ್ಕಿಳಿದು ಉಣಿಸುವುದೂ ಇಲ್ಲ. ಊರಿನ ಹುಡುಗರ ಹೆಜ್ಜಾರ್ಲೆ ಬಳಗ, ಮೈಸೂರಿನ ಹವ್ಯಾಸಿ ಪರಿಸರಾಸಕ್ತರೊಡನೆ ಸೇರಿ, ಅಂಥವನ್ನು ಆವರಣವೊಂದರಲ್ಲಿಟ್ಟು ಮೀನು ಹಾಕಿ ಬೆಳೆಸಿ ಬಿಡುವ ಕೆಲಸವನ್ನು ಬಹುಕಾಲ ಮಾಡಿಕೊಂಡು ಬಂದಿದೆ.

ಆ ರಾತ್ರಿ ಮದ್ದೂರಿನ ಕೋಣೆಯಲ್ಲಿ ಕಿಟಕಿ ಬಡಿಯುವಷ್ಟು ಗಾಳಿ ಬೀಸಿತು. ಮಗು ಎರಡು ಸಲ ಎದ್ದು, "ಈಗ ಬಿದ್ದಿರತ್ತಾ ಮಾಮ?" ಎಂದು ಕೇಳಿದಳು.

ಎರಡನೆಯ ದಿನ: ಕೆರೆಯಂಗಳ

ಈ ಕೆರೆಯ ಹೆಸರನ್ನು ಬರೆಯುವುದಿಲ್ಲ. ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳ ಜಾಗವನ್ನು ಊರಿಗೆಲ್ಲ ಸಾರಿದರೆ ಮರುವಾರವೇ ಕ್ಯಾಮೆರಾ ಹೊತ್ತವರ ಕಾಲ್ತುಳಿತಕ್ಕೆ ಅದು ಸಿಕ್ಕುತ್ತದೆ. ಮಂಡ್ಯ ಜಿಲ್ಲೆಯ, ವಿಶ್ವೇಶ್ವರಯ್ಯ ನಾಲೆಯ ಬಸಿನೀರು ಬಂದು ಸೇರುವ ಹಲವು ಕೆರೆಗಳಲ್ಲಿ ಒಂದು ಎಂದರೆ ಸಾಕು. ಏರಿಯ ಬದಿಯಲ್ಲಿ ನೀರು ಇನ್ನೂ ಆಳವಾಗಿತ್ತು. ಎದುರು ತುದಿಯಲ್ಲಿ ಹಿಂದೆ ಸರಿದ ನೀರು ಹಸಿ ಕೆಸರು, ಬಿರುಕುಬಿಟ್ಟ ಮಣ್ಣು, ಆಪು ಮತ್ತು ಜೊಂಡಿನ ಪೊದೆಗಳು, ಅವುಗಳ ನಡುವೆ ಮೊಣಕಾಲುದ್ದದ ಮಡುಗಳು ಇವನ್ನೆಲ್ಲ ಬಿಟ್ಟುಹೋಗಿತ್ತು. ಪರಿಚಯದ ನೀರುಗಂಟಿಯೊಬ್ಬರು ಕೋಲು ಹಿಡಿದು ಮುಂದೆ ನಡೆದರು. ಎಲ್ಲಿ ಕಾಲಿಟ್ಟರೆ ಮಂಡಿಯವರೆಗೆ ಹೂತುಹೋಗುತ್ತದೆ ಎಂಬುದನ್ನು ಅವರು ಮಣ್ಣಿನ ಹೊಳಪು ನೋಡಿಯೇ ಹೇಳುತ್ತಿದ್ದರು.

ನಾವು ಕೆರೆಗೆ ಇಳಿದದ್ದನ್ನು ಎಲ್ಲರಿಗಿಂತ ಮೊದಲು ಕಂಡು ಊರಿಗೆಲ್ಲ ಡಂಗುರ ಹೊಡೆದದ್ದು ಟಿಟ್ಟಿಭ. ಆಕಾಶ ಬಿದ್ದರೆ ಹಿಡಿಯಲೆಂದು ಕಾಲು ಮೇಲೆತ್ತಿ ಮಲಗುವ ಹಕ್ಕಿ ಎಂದು ಹಳಬರು ಇದನ್ನು ಗೇಲಿ ಮಾಡುತ್ತಾರೆ. ಆದರೆ ಇದರಷ್ಟು ಜಾಗರೂಕ ಹಕ್ಕಿ ಕೆರೆಯಲ್ಲಿ ಇನ್ನೊಂದಿಲ್ಲ. ಜೋಡಿಯಲ್ಲಿ ಒಂದು ತಲೆಯ ಮೇಲೆ ಸುತ್ತಿ ಕೂಗುತ್ತಿದ್ದರೆ ಇನ್ನೊಂದು ನಮ್ಮ ಮುಂದೆಯೇ ಇಳಿದು, ಓಡಿ, ಕುಳಿತಂತೆ ಮಾಡಿ, ಮತ್ತೆ ಓಡುತ್ತಿತ್ತು. ಅದು ಕರೆದೊಯ್ಯುವ ದಿಕ್ಕಿಗೆ ಹೋಗಬಾರದು, ಮರಿ ಇರುವುದು ಅದಕ್ಕೆ ಎದುರು ದಿಕ್ಕಿನಲ್ಲಿ ಎಂದು ನನಗೆ ಗೊತ್ತಿತ್ತು. ಹಾಗೆಂದು ಜಾಣನಂತೆ ಪಕ್ಕಕ್ಕೆ ತಿರುಗಿ ಎತ್ತಿದ ಕಾಲನ್ನು ನೀರುಗಂಟಿ ಕೋಲು ಅಡ್ಡ ಹಿಡಿದು ತಡೆದರು. "ಅಲ್ಲೇ ನಿಂತ್ಕಳಿ ಸಾ. ಕಾಲ್ತವೇ ಅದೆ."

ನನಗೆ ಕಂಡದ್ದು ಒಣಗಿದ ಸಗಣಿಯ ಹೆಂಟೆ. ಅರ್ಧ ನಿಮಿಷ ನೋಡಿದ ಮೇಲೆ ಆ ಹೆಂಟೆಗೆ ಒಂದು ಕಣ್ಣಿತ್ತು. ಮರಿ ನೆಲಕ್ಕೆ ಒತ್ತಿಕೊಂಡು, ಕತ್ತು ಚಾಚಿ, ಉಸಿರೂ ಕಾಣದಂತೆ ಮಲಗಿತ್ತು. ಬೆನ್ನಿನ ಮೇಲೆ ಕಂದು ಮತ್ತು ಕಪ್ಪು ಚುಕ್ಕೆಗಳು ಕೆಸರಿನ ಬಿರುಕಿಗೆ ಎಷ್ಟು ಹೊಂದಿಕೊಂಡಿದ್ದವೆಂದರೆ, ಒಮ್ಮೆ ದೃಷ್ಟಿ ತೆಗೆದರೆ ಮತ್ತೆ ಹುಡುಕಬೇಕಾಗುತ್ತಿತ್ತು. ಕಣ್ಣಿನ ಮುಂದೆ ಕೆಂಪಗೆ ಎದ್ದು ಕಾಣುವ ಮಾಂಸದ ಲೋಲಕು ದೊಡ್ಡ ಹಕ್ಕಿಯ ಗುರುತು. ಮರಿಯಲ್ಲಿ ಆ ಕೆಂಪು ಇನ್ನೂ ಕಾಣುವಂತಿರಲಿಲ್ಲ. ಇದ್ದಿದ್ದರೆ ಅಡಗಿಕೊಳ್ಳುವುದು ಹೇಗೆ? ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ಗೂಡು ಬಿಟ್ಟು ಓಡಾಡುವ ಇಂಥ ಮರಿಗಳಿಗೆ ಇರುವ ರಕ್ಷಣೆ ಎಂದರೆ ತಾಯ್ತಂದೆಯ ಕೂಗು ಕೇಳಿದ ಕೂಡಲೇ ಇದ್ದಲ್ಲೇ ಕಲ್ಲಾಗುವುದು. ನಾವು ಹಿಂದೆ ಸರಿದು ದೂರದ ಕರಿಜಾಲಿ ಮರದ ಕೆಳಗೆ ಕುಳಿತೆವು.

ಅಲ್ಲಿಂದ ಕಂಡದ್ದೇ ಈ ಪ್ರವಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ನೋಟ. ಕೂಗಾಟ ನಿಂತು ಹತ್ತು ನಿಮಿಷವಾದ ಮೇಲೆ ದೊಡ್ಡ ಹಕ್ಕಿ ಮಡುವಿಗೆ ಹೋಗಿ, ನೀರಿನಲ್ಲಿ ನಿಂತು, ಹೊಟ್ಟೆ ತಗ್ಗಿಸಿ ಕುಳಿತು ಎದ್ದು, ಮತ್ತೆ ಕುಳಿತು ಎದ್ದು, ಹೊಟ್ಟೆಯ ಗರಿಗಳನ್ನು ಚೆನ್ನಾಗಿ ತೋಯಿಸಿಕೊಂಡಿತು. ಆಮೇಲೆ ನೇರವಾಗಿ ಹೋಗದೆ, ಏನೂ ಕೆಲಸವಿಲ್ಲದವರಂತೆ ಅಲ್ಲಿಷ್ಟು ಇಲ್ಲಿಷ್ಟು ಕುಕ್ಕುತ್ತ ಸುತ್ತಿ ಬಂದು, ಮರಿ ಮಲಗಿದ್ದ ಕಡೆ ನಿಂತು ಮೆಲ್ಲನೆ ಕರೆಯಿತು. ಒಂದಲ್ಲ, ಮೂರು ಹೆಂಟೆಗಳು ಎದ್ದು ಓಡಿಬಂದು ಅದರ ಒದ್ದೆ ಹೊಟ್ಟೆಯ ಕೆಳಗೆ ತೂರಿಕೊಂಡವು. ಸುಡುವ ನೆಲದಲ್ಲಿ ಮೊಟ್ಟೆಗಳನ್ನೂ ಮರಿಗಳನ್ನೂ ಟಿಟ್ಟಿಭಗಳು ತಣ್ಣಗಿಡುವ ಬಗೆ ಇದು. ಇದನ್ನು ನಾನು ಓದಿದ್ದೆ, ನೋಡಿರಲಿಲ್ಲ. ಆ ಗರಿಗಳಿಂದ ತೊಟ್ಟಿಕ್ಕುತ್ತಿದ್ದ ಹನಿಗಳೂ ದೂರದರ್ಶಕದಲ್ಲಿ ಕಾಣುತ್ತಿದ್ದವು. ಹಕ್ಕಿಯ ಹೊಟ್ಟೆಯ ಕೆಳಗೆ ಎರಡರ ಬದಲು ಎಂಟು ಕಾಲುಗಳು ನಿಂತಿದ್ದುವೆಂದು ಎಣಿಸಿ ಮಗು ಬಾಯಿಮುಚ್ಚಿಕೊಂಡು ನಕ್ಕಳು.

ಉಳಿದವನ್ನು ಬೇಗ ಹೇಳಬಹುದು. ಮೆಟ್ಟುಗಾಲು ಹಕ್ಕಿಯ ಮರಿಗೆ ಕಾಲು ಆಗಲೇ ಉದ್ದ, ಆದರೆ ಗುಲಾಬಿಯಲ್ಲ, ಬೂದು. ನೀಲಿ ಜಂಬುಕೋಳಿಯ ಮರಿಯಲ್ಲಿ ನೀಲಿಯ ಸುಳಿವೇ ಇಲ್ಲ, ಮಸಿ ಹಚ್ಚಿದ ಹತ್ತಿಯ ಉಂಡೆ ಅದು. ಗಾತ್ರಕ್ಕೆ ಮೀರಿದ ಪಾದಗಳನ್ನು ಎತ್ತೆತ್ತಿ ಇಡುತ್ತ ಜೊಂಡಿನ ದಂಟುಗಳ ಮೇಲೆ ತಾಯಿಯ ಹಿಂದೆ ನಡೆಯುತ್ತಿತ್ತು. ಗುಳುಮುಳುಕ ಮಾತ್ರ ತುಸು ಹೊತ್ತು ನಿಲ್ಲಿಸಿಕೊಂಡಿತು. ನೀರಿನ ಮೇಲೆ ತೇಲುವ ಕಳೆಯ ರಾಶಿಯೇ ಅದರ ಗೂಡು. ಎದ್ದು ಹೋಗುವಾಗ ಮೊಟ್ಟೆಗಳ ಮೇಲೆ ಹಸಿ ಕಳೆ ಎಳೆದು ಮುಚ್ಚಿಯೇ ಹೋಗುತ್ತದೆ. ಇನ್ನೊಂದು ಗುಳುಮುಳುಕದ ಬೆನ್ನಿನ ಗರಿಗಳ ನಡುವಿನಿಂದ ಪಟ್ಟೆಪಟ್ಟೆಯ ಎರಡು ಪುಟ್ಟ ತಲೆಗಳು ಹೊರಗೆ ಇಣುಕುತ್ತಿದ್ದವು. ಬೆನ್ನಿನ ಸವಾರಿಯಲ್ಲಿದ್ದ ಅವುಗಳಿಗೆ ಕೊಕ್ಕಿನಲ್ಲಿ ತಂದ ಹುಳುವನ್ನು ಜೊತೆಗಾರ ಹಕ್ಕಿ ಪಕ್ಕಕ್ಕೆ ಈಜಿ ಬಂದು ಕೊಡುತ್ತಿತ್ತು. ಆಪಿನ ಬುಡದಲ್ಲಿ ನೀರೊಳ್ಳೆ ಹಾವೊಂದು ತಲೆ ಎತ್ತಿ ಕಾದಿತ್ತು. ಏರಿಯ ಕಲ್ಲುಗಳ ನಡುವೆ ಮುಂಗುಸಿಯೊಂದು ಇಳಿದು ಬಂತು. ಈ ಮರಿಗಳೆಲ್ಲ ಬೆಳೆಯುವುದು ಅವರೆಲ್ಲರ ಕಣ್ಣೆದುರಿಗೇ.

ತಪ್ಪು ಮಾಡಿದ್ದೂ ಇಲ್ಲಿಯೇ. ಮಡುವಿನಂಚಿನಲ್ಲಿ ಕಂದು ಮೈಯ, ಗಿಡ್ಡ ಕತ್ತಿನ ಹಕ್ಕಿಯೊಂದು ಕುಗ್ಗಿ ಕುಳಿತಿತ್ತು. ನಾನು ವಿಚಾರಿಸದೆ, "ಕೊಳದ ಬಕ, ಬರ್ಕೊ" ಎಂದೆ. ಹಕ್ಕಿ ಎದ್ದು ಹಾರಿತು. ಕೊಳದ ಬಕ ಹಾರಿದರೆ ಮಾಂತ್ರಿಕನ ಕೈಯ ಕರವಸ್ತ್ರದಂತೆ ಬಿಳಿ ರೆಕ್ಕೆಗಳು ಥಟ್ಟನೆ ಬಿಚ್ಚಿಕೊಳ್ಳಬೇಕು. ಇದರ ರೆಕ್ಕೆ ಕಂದಾಗಿಯೇ ಉಳಿಯಿತು, ಮೇಲೆ ನೀರು ಸಿಂಪಡಿಸಿದಂತೆ ಬಿಳಿಯ ಹನಿಗಳು. ಅದು ರಾತ್ರಿಬಕದ ಎಳೆಯ ಹಕ್ಕಿ. ಬೆಳೆದದ್ದಾದರೆ ನೆತ್ತಿ ಮತ್ತು ಬೆನ್ನು ಕಪ್ಪು, ಕಣ್ಣು ಕೆಂಪು. ಗುರುತಿಸಲು ಒಂದು ಕ್ಷಣ ಸಾಕು. ಮಗು ರಬ್ಬರು ಕೇಳಲಿಲ್ಲ. ಬರೆದದ್ದನ್ನು ಹೊಡೆದುಹಾಕಿ, ಪಕ್ಕದಲ್ಲಿ "ಮಾಮ ತಪ್ಪು ಹೇಳಿದ್ದು" ಎಂದು ದಾಖಲಿಸಿದಳು.

ಹಕ್ಕಿ ಗುರುತಿಸುವ ಪುಸ್ತಕಗಳು ದೊಡ್ಡ ಹಕ್ಕಿಗೆ ಅರ್ಧ ಪುಟದ ಚಿತ್ರ ಕೊಟ್ಟು, ಎಳೆಯದನ್ನು ಮೂಲೆಯಲ್ಲಿ ಹೆಬ್ಬೆರಳಿನಷ್ಟು ಮಾಡಿ ಕೂರಿಸುತ್ತವೆ. ನಾವೂ ಹಾಗೆಯೇ ಕಲಿತಿದ್ದೇವೆ. ಬಣ್ಣದಿಂದ ಹೆಸರು, ಹೆಸರಿನಿಂದ ಹಕ್ಕಿ. ಮರಿಯ ಮುಂದೆ ಈ ಅಭ್ಯಾಸ ಕೈಕೊಡುತ್ತದೆ. ಅಲ್ಲಿ ನೋಡಬೇಕಾದದ್ದು ಕೊಕ್ಕಿನ ಆಕಾರ, ಕಾಲಿನ ಅಳತೆ, ನಿಲ್ಲುವ ರೀತಿ, ಎಲ್ಲಕ್ಕಿಂತ ಹೆಚ್ಚಾಗಿ ಯಾರು ಬಂದು ಉಣಿಸುತ್ತಾರೆ ಎಂಬುದು. ಸಮಯ ಹಿಡಿಯುವ ಕೆಲಸ ಅದು, ಬಿಸಿಲಲ್ಲಂತೂ ಇನ್ನೂ ಹೆಚ್ಚು. ಹಿಂದಿರುಗುವ ದಾರಿಯಲ್ಲಿ ಭತ್ತದ ಗದ್ದೆಯ ಬದುವಿನ ಮೇಲೆ ಬಸವನಹುಳು ಹುಡುಕುತ್ತಿದ್ದ ಬಾಯ್ಕಳಕ ಕೊಕ್ಕರೆಗಳ ಗುಂಪಿನಲ್ಲಿ ಒಂದರ ಬಾಯಿ ಪೂರ್ತಿ ಮುಚ್ಚಿತ್ತು. ಬೆಳೆದ ಹಕ್ಕಿಯ ಮೇಲಿನ ಮತ್ತು ಕೆಳಗಿನ ಕೊಕ್ಕುಗಳ ನಡುವೆ ಅಡಕತ್ತರಿಯಂತೆ ಕಾಣುವ ಆ ಸಂದು ಹುಟ್ಟಿನಿಂದ ಬಂದದ್ದಲ್ಲ, ಬೆಳೆಯುತ್ತ ಮೂಡುವಂಥದ್ದು. ಈ ಸಲ ನಾನು ಬಾಯಿಬಿಡುವ ಮುಂಚೆ ಅವಳೇ ಬರೆದುಕೊಂಡಿದ್ದಳು.

ಸಂಜೆ ಮೈಸೂರು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯ ಸುತ್ತ ಒಂದು ನಡಿಗೆ. ವಾಯುಸೇವನೆಗೆ ಬಂದವರು ಬಹಳ, ಬೆಳಕು ಕಡಿಮೆ. ಹಾವಕ್ಕಿಯೊಂದು ರೆಕ್ಕೆ ಒಣಹಾಕಿ ಕುಳಿತಿದ್ದನ್ನು ಬಿಟ್ಟರೆ ಬರೆಯುವಂಥದ್ದೇನೂ ಕಾಣಲಿಲ್ಲ.

ಮೂರನೆಯ ದಿನ: ರಂಗನತಿಟ್ಟು

1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡಲಾಗಿ ಕಟ್ಟಿಸಿದ ಒಡ್ಡಿನಿಂದ ಇಲ್ಲಿನ ತಿಟ್ಟುಗಳು ರೂಪುಗೊಂಡವು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಮೈಸೂರು ಅರಸರು ಇದನ್ನು ಪಕ್ಷಿಧಾಮವನ್ನಾಗಿಸಿದರು. 2022ರಲ್ಲಿ ಇದು ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು, ಕರ್ನಾಟಕದಿಂದ ಆ ಪಟ್ಟಿ ಸೇರಿದ ಮೊದಲ ಜೌಗುನೆಲ ಇದು. ಮೊದಲ ದೋಣಿಗೇ ಹತ್ತಿದ್ದರಿಂದ ಹುಟ್ಟು ಹಾಕುವ ಸದ್ದು ಬಿಟ್ಟರೆ ಬೇರೆ ಗಲಾಟೆ ಇರಲಿಲ್ಲ.

ನಡುಗಡ್ಡೆಯ ತಗ್ಗುಕೊಂಬೆಗಳಲ್ಲಿ ಚಮಚಕೊಕ್ಕಿನ ಗೂಡುಗಳಿದ್ದವು. ಮರಿಗಳ ಕೊಕ್ಕು ನಿರೀಕ್ಷೆಯಂತೆಯೇ ಚಮಚವಾಗಿರಲಿಲ್ಲ. ಗಿಡ್ಡಗೆ, ಮೆತ್ತಗೆ, ತುದಿ ಮಾತ್ರ ತುಸು ಅಗಲವಾಗಲು ಹವಣಿಸುತ್ತಿತ್ತು. ಆ ಕೊಕ್ಕಿನಿಂದ ತಾಯಿಯ ಉದ್ದ ಚಮಚವನ್ನು ತಟ್ಟಿ ತಟ್ಟಿ ಕೇಳುವ ಚಂದಕ್ಕೆ ದೋಣಿಯಲ್ಲಿದ್ದವರೆಲ್ಲ ಎದ್ದು ನಿಲ್ಲಲು ಹೋಗಿ ದೋಣಿಯವರಿಂದ ಬೈಸಿಕೊಂಡರು. ಮುಂದೆ ಹೊಳೆಯ ಕಡೆ ಬಾಗಿದ ಬಂಡೆಯ ಅಡಿಯಲ್ಲಿ ಕವಲುತೋಕೆಗಳ ಮಣ್ಣಿನ ಗೂಡುಗಳು, ಕುಂಬಾರನ ಅಂಗಡಿಯಲ್ಲಿ ಕುಡಿಕೆಗಳನ್ನು ಒತ್ತಾಗಿ ಜೋಡಿಸಿದಂತೆ. ಒಂದೊಂದು ಬಾಯಿಯಲ್ಲೂ ಒಂದೊಂದು ಮುಖ. ಚಪ್ಪಟೆ ಬಂಡೆಯೊಂದರ ಮೇಲೆ ಬಂಡೆಗೊರವ, ಹಳದಿ ಕಣ್ಣು ಅಗಲಿಸಿ, ಅಲುಗಾಡದೆ ನಿಂತಿತ್ತು. ಅದರ ಕಾಲ ಬಳಿ ಕಲ್ಲಿನ ಬಣ್ಣದ್ದೇ ಒಂದು ಮರಿ. ನಿನ್ನೆಯ ಪಾಠವಿಲ್ಲದಿದ್ದರೆ ಅದು ನಮಗೆ ಕಾಣುತ್ತಿರಲಿಲ್ಲ.

ಮೊಸಳೆಗಳ ಕಡೆಗೆ ಮಗುವಿಗೆ ಭಯಕ್ಕಿಂತ ಕುತೂಹಲ ಹೆಚ್ಚು. ಈ ಜೌಗುಮೊಸಳೆಗಳು ಬೇಸಿಗೆಯ ಆರಂಭದಲ್ಲಿ ದಂಡೆಯ ಮರಳುಮಣ್ಣಿನಲ್ಲಿ ಗುಂಡಿ ತೋಡಿ ಮೊಟ್ಟೆಯಿಡುತ್ತವೆ. ಸುಮಾರು ಎರಡು ತಿಂಗಳಲ್ಲಿ, ಅಂದರೆ ಬೇಸಿಗೆಯ ಈ ಕೊನೆಯಲ್ಲಿ, ಒಳಗಿನಿಂದ ಮರಿಗಳು ಕೂಗಿದ ಮೇಲೆ ತಾಯಿ ಮಣ್ಣು ಅಗೆದು ಅವನ್ನು ಬಾಯಿಯಲ್ಲಿ ಹಿಡಿದು ನೀರಿಗೆ ಬಿಡುತ್ತದೆ. ಮರಿ ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುವುದೂ ಆ ಗುಂಡಿಯ ಉಷ್ಣತೆಯೇ. ನಮಗೆ ಕಂಡದ್ದು ಬಂಡೆಯಂಚಿನ ಕಳೆಯ ನಡುವೆ ಒಂದು ಗೇಣಿಗಿಂತ ತುಸು ಉದ್ದದ ಒಂದೇ ಮರಿ, ಅದೂ ಕ್ಷಣಕಾಲ. ಇಂದಿನವರೆಗೆ ನೋಡಿದವುಗಳಲ್ಲಿ ಅಮ್ಮನಂತೆಯೇ ಇದ್ದ ಮರಿ ಅದೊಂದೇ ಎಂದು ಅವಳು ಎರಡು ಕಾಲಮ್ಮುಗಳ ನಡುವೆ ಸಮಚಿಹ್ನೆ ಹಾಕಿದಳು.

ಕೊನೆಯ ತಿರುವಿನಲ್ಲಿ, ನೀರಿನ ಮಟ್ಟಕ್ಕಿಂತ ಒಂದು ಮೊಳ ಮಾತ್ರ ಎತ್ತರವಿದ್ದ ಬಂಡೆಯ ಮೇಲೆ ನದಿ ರೀವಗಳಿದ್ದವು. ಹಳದಿ ಕೊಕ್ಕು, ಕರಿಯ ಟೊಪ್ಪಿಗೆ, ಕವಲು ಬಾಲದ ಈ ಹಕ್ಕಿ ಗೂಡೆಂದು ಏನನ್ನೂ ಕಟ್ಟುವುದಿಲ್ಲ. ಬರಿಯ ಕಲ್ಲಿನ ತಗ್ಗಿನಲ್ಲಿ ಮೊಟ್ಟೆಯಿಡುತ್ತದೆ. ಟೊಪ್ಪಿಗೆಯಿಲ್ಲದ, ಮರಳು ಬಣ್ಣದ ಎರಡು ಮರಿಗಳು ಬಂಡೆಯ ಬಿರುಕಿನ ನೆರಳಿಗೆ ಒತ್ತಿಕೊಂಡಿದ್ದವು. ಮೇಲ್ಗಡೆ ಕೃಷ್ಣರಾಜಸಾಗರವಿದೆ. ಅದರ ಗರಿಷ್ಠ ಮಟ್ಟ 124.80 ಅಡಿ. ಮುಂಗಾರಿನಲ್ಲಿ ಕಟ್ಟೆ ತುಂಬಿ ನೀರು ಬಿಟ್ಟಾಗ ಇಲ್ಲಿನ ದೋಣಿವಿಹಾರ ನಿಲ್ಲುತ್ತದೆ, ತಗ್ಗಿನ ಗೂಡುಗಳು ಕೊಚ್ಚಿಹೋಗುತ್ತವೆ. ಈ ಬಂಡೆ ಅಂಥ ಹೊತ್ತಿನಲ್ಲಿ ಕಣ್ಣಿಗೇ ಬೀಳುವುದಿಲ್ಲವೆಂದು ದೋಣಿಯವರು ಹೇಳಿದರು.

"ಅಷ್ಟರಲ್ಲಿ ಇವು ಹಾರ್ತಾವಾ ಅಂಕಲ್?" ಎಂದು ಮಗು ಕೇಳಿದಳು.

"ಕಟ್ಟೆ ತುಂಬೋಕೆ ಇನ್ನೂ ದಿನ ಅವೆ ಬುಡವ್ವ," ಎಂದು ಅವರು ಹುಟ್ಟನ್ನು ತಡೆದು ದೋಣಿಯನ್ನು ಒಂದು ನಿಮಿಷ ಅಲ್ಲಿಯೇ ನಿಲ್ಲಿಸಿದರು. ದೊಡ್ಡ ರೀವವೊಂದು ಗಿರಕಿ ಹೊಡೆದು ಬಂದು, ಕೊಕ್ಕಿನಲ್ಲಿ ಅಡ್ಡಲಾಗಿ ಹಿಡಿದಿದ್ದ ಬೆರಳುದ್ದದ ಮೀನನ್ನು ಮೊದಲ ಮರಿಗೆ ಕೊಟ್ಟಿತು. ಮರಿ ಅದನ್ನು ಬಾಲದ ಕಡೆಯಿಂದ ನುಂಗಲು ಹೋಗಿ, ಆಗದೆ ಉಗುಳಿ, ತಿರುಗಿಸಿ, ತಲೆಯ ಕಡೆಯಿಂದ ನುಂಗಿತು. ಪಶ್ಚಿಮದಲ್ಲಿ ಮೋಡ ಕಟ್ಟುತ್ತಿತ್ತು. ದಡ ಸೇರುವ ಮುಂಚೆಯೇ ದಪ್ಪ ಹನಿಗಳು ನೀರಿನ ಮೇಲೆ ಬೀಳತೊಡಗಿದವು. ಹಿಂದಿರುಗಿ ನೋಡಿದಾಗ ರೀವ ಬಂಡೆಯ ಬಿರುಕಿನ ಮೇಲೆ ರೆಕ್ಕೆ ಸಡಿಲಿಸಿ ಕುಳಿತಿತ್ತು. ಮಗು ನೋಟುಪುಸ್ತಕವನ್ನು ಅಂಗಿಯೊಳಗೆ ಸೇರಿಸಿಕೊಂಡಳು.